ನರ್ಸ್‌ಗಳು ತುರ್ತಾಗಿ ಬೇಕಾಗಿದ್ದಾರೆ, ಸ್ವಲ್ಪ ಕಾಯಿರಿ

ಜಗತ್ತಿನಲ್ಲಿ ನರ್ಸ್‌ಗಳು ಸಾಲುತ್ತಿಲ್ಲವಂತೆ. ಇದು ನನ್ನ ಮಾತಲ್ಲ, ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೊರತಂದ ವರದಿಯ ಮಾತು. 2023ರ ಹೊತ್ತಿಗೆ ಭೂಮಿ ಮೇಲೆ ಸುಮಾರು 2 ಕೋಟಿ 98 ಲಕ್ಷ ನರ್ಸ್‌ಗಳಿದ್ದರು, ಇನ್ನೂ 58 ಲಕ್ಷ ಜನ ಬೇಕಿತ್ತು. ಇಷ್ಟು ದೊಡ್ಡ ಕೊರತೆ ಇರುವ ಕೆಲಸಕ್ಕೆ ಯಾರಾದರೂ ತಾವಾಗಿಯೇ "ನಾನು ಬರ್ತೀನಿ" ಅಂತ ಕೈ ಎತ್ತಿದರೆ ಏನಾಗಬೇಕು? ಬಾಗಿಲಿಗೇ ಬಂದು ಒಳಗೆ ಕರೆದುಕೊಂಡು ಹೋಗಬೇಕು, ಅಲ್ವಾ? ಹಾಗೇನೂ ಆಗುವುದಿಲ್ಲ. ಕೈ ಎತ್ತಿದವರಿಗೆ ನರ್ಸಿಂಗ್ ಕಾಲೇಜಿನಿಂದ ಒಂದು ಅರ್ಜಿ ಸಂಖ್ಯೆ ಸಿಗುತ್ತದೆ, ಒಂದು ಪಾಸ್‌ವರ್ಡ್ ಸಿಗುತ್ತದೆ, ಆಮೇಲೆ ಎತ್ತಿದ ಕೈಯನ್ನು ಇಳಿಸದೆ ಹಾಗೇ ನಿಂತಿರಬೇಕು, ಎಷ್ಟು ತಿಂಗಳು ಅಂತ ಮಾತ್ರ ಕೇಳಬಾರದು.

ಪೋರ್ಟಲ್‌ನಲ್ಲಿ ಇರುವುದು ಒಂದೇ ಸಾಲು. "ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ." ಬೆಳಗ್ಗೆ ನೋಡಿದರೂ ಅದೇ, ರಾತ್ರಿ ಎರಡಕ್ಕೆ ಎಚ್ಚರವಾಗಿ ನೋಡಿದರೂ ಅದೇ. ಅಷ್ಟು ಹೊತ್ತಿನಲ್ಲಿ ಯಾರೂ ಕೂತು ಅರ್ಜಿ ಓದುತ್ತಿರುವುದಿಲ್ಲ ಅಂತ ತಲೆಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ. ಜೊತೆಯಲ್ಲಿ ಅರ್ಜಿ ಹಾಕಿದ ಗೆಳತಿ ಫೋನ್ ಮಾಡುತ್ತಾಳೆ: "ನಂದ್ರಲ್ಲಿ ದಾಖಲೆ ಹಾಕೋ ಬಟನ್ನೇ ಮಾಯ ಆಗಿದೆ ಕಣೇ, ಅಂದ್ರೆ ಸೀಟು ಸಿಕ್ತು ಅಂತಾನಾ?" ಸಿಕ್ಕಿರುವುದಿಲ್ಲ. ಸೈಟ್ ರಿಪೇರಿ ನಡೆಯುತ್ತಿರುತ್ತದೆ. ಆದರೂ ಆ ಒಂದು ಬಟನ್ ಮೇಲೆ ಇಬ್ಬರೂ ಅರ್ಧ ದಿನ ಸಂಶೋಧನೆ ಮಾಡುತ್ತಾರೆ. ಅಪ್ಪ ಅಮ್ಮ ಮೊದಮೊದಲು "ಏನಾಯ್ತು?" ಅಂತ ಕೇಳುತ್ತಿದ್ದವರು ಆಮೇಲೆ ಕೇಳುವುದನ್ನೇ ಬಿಡುತ್ತಾರೆ. ಸುಮ್ನೆ ಮುಖ ನೋಡುತ್ತಾರೆ, ಅದು ಇನ್ನೂ ಕಷ್ಟ.

ಧೈರ್ಯ ಮಾಡಿ ಒಂದು ಮೇಲ್ ಬರೆದರೆ ಥಟ್ ಅಂತ ಉತ್ತರ ಬರುತ್ತದೆ. ಎಷ್ಟು ಬೇಗ ಅಂದರೆ ನೀವು ಕಳಿಸುವ ಮೊದಲೇ ಬರೆದಿಟ್ಟಿದ್ದರೇನೋ ಅನ್ನುವಷ್ಟು. ನಿಜಕ್ಕೂ ಬರೆದಿಟ್ಟಿರುತ್ತಾರೆ. "ನಿಮ್ಮ ಆಸಕ್ತಿಗೆ ಧನ್ಯವಾದ, ದಯವಿಟ್ಟು ಈ ಮೇಲ್‌ಗೆ ಉತ್ತರಿಸಬೇಡಿ."

ತಮಾಷೆ ಏನು ಗೊತ್ತಾ? ಈ ಕಾಲೇಜುಗಳು ನರ್ಸಿಂಗ್‌ನಲ್ಲಿ ಕಲಿಸುವ ಮುಖ್ಯ ಪಾಠಗಳಲ್ಲಿ ಒಂದು, ಇನ್ನೊಬ್ಬರಿಗೆ ವಿಷಯವನ್ನು ಸರಿಯಾಗಿ ತಿಳಿಸುವುದು. ಅದಕ್ಕೆ ಎಸ್‌ಬಾರ್ ಅಂತ ಒಂದು ಪದ್ಧತಿಯೇ ಇದೆ. ಅಮೆರಿಕದ ನೌಕಾಪಡೆಯ ಅಣು ಸಬ್‌ಮರೀನ್‌ಗಳಲ್ಲಿ ಹುಟ್ಟಿ ಆಮೇಲೆ ಆಸ್ಪತ್ರೆಗೆ ಬಂದ ಪದ್ಧತಿ ಅದು. ರಾತ್ರಿ ಪಾಳಿಯ ನರ್ಸ್ ಡಾಕ್ಟರಿಗೆ ಫೋನ್ ಮಾಡಿದರೆ ನಾಲ್ಕೇ ಮಾತು ಹೇಳಬೇಕು: ಈಗಿನ ಪರಿಸ್ಥಿತಿ ಏನು, ಹಿನ್ನೆಲೆ ಏನು, ನನ್ನ ಅಂದಾಜು ಏನು, ಮುಂದೆ ಏನು ಮಾಡಬೇಕು. ಸುತ್ತಿ ಬಳಸಿ ಮಾತಾಡಿದರೆ ಮಾರ್ಕ್ಸ್ ಕಟ್. ಈಗ ಕಲಿಸುವವರೇ ಈ ಪದ್ಧತಿಯಲ್ಲಿ ಒಂದು ಮೇಲ್ ಬರೆದರು ಅಂದುಕೊಳ್ಳಿ. ಪರಿಸ್ಥಿತಿ: ನಿಮ್ಮ ಅರ್ಜಿ ಬಂದಿದೆ, ಇನ್ನೂ ತೆರೆದಿಲ್ಲ. ಹಿನ್ನೆಲೆ: ಸೀಟು ಕಡಿಮೆ, ಅರ್ಜಿ ಜಾಸ್ತಿ, ನೋಡುವವರು ಇಬ್ಬರು, ಅವರಲ್ಲಿ ಒಬ್ಬರು ರಜೆಯಲ್ಲಿದ್ದಾರೆ. ಅಂದಾಜು: ಈ ಸಲ ನಿಮಗೆ ಸಿಗುವುದು ಕಷ್ಟ. ಸಲಹೆ: ಬೇರೆ ಕಡೆಯೂ ಹಾಕಿ, ನಮ್ಮನ್ನೇ ನಂಬಿಕೊಂಡು ಕೂರಬೇಡಿ. ಇಷ್ಟು ಬರೆದಿದ್ದರೆ ಎಷ್ಟೋ ಜನ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. ಆದರೆ ಎಸ್‌ಬಾರ್ ಇರುವುದು ವಿದ್ಯಾರ್ಥಿಗಳಿಗೆ, ಆಫೀಸಿಗಲ್ಲ.

ಸರಿ, ಸೀಟು ಯಾಕೆ ಕಡಿಮೆ? ಇಲ್ಲಿ ವಿಷಯ ರುಚಿಯಾಗುತ್ತದೆ. ಅಮೆರಿಕದ ನರ್ಸಿಂಗ್ ಕಾಲೇಜುಗಳ ಸಂಘ ಪ್ರತಿವರ್ಷ ಒಂದು ಲೆಕ್ಕ ಕೊಡುತ್ತದೆ. 2023ರಲ್ಲಿ ಅಲ್ಲಿನ ಪದವಿ ಮತ್ತು ಸ್ನಾತಕೋತ್ತರ ಕೋರ್ಸ್‌ಗಳು ವಾಪಸ್ ಕಳಿಸಿದ ಅರ್ಜಿ 65,766. ಇವು ದಡ್ಡರ ಅರ್ಜಿಗಳಲ್ಲ. ಎಲ್ಲಾ ಅರ್ಹತೆ ಇದ್ದ ಅರ್ಜಿಗಳು ಅಂತ ಸಂಘವೇ ಹೇಳುತ್ತದೆ. ಇವು ಅರ್ಜಿಗಳ ಲೆಕ್ಕ, ಮನುಷ್ಯರದ್ದಲ್ಲ ಅಂತಲೂ ಅದೇ ಸ್ಪಷ್ಟಪಡಿಸುತ್ತದೆ. ಒಬ್ಬಳೇ ಹುಡುಗಿ ಐದು ಕಡೆ ಅರ್ಜಿ ಹಾಕಿ ಐದೂ ಕಡೆ ವಾಪಸ್ ಬಂದರೆ ಲೆಕ್ಕದಲ್ಲಿ ಐದು. ಅಂದರೆ ಅವಳು ಒಬ್ಬಳೇ ಐದು ಜನರ ದುಃಖ ಪಟ್ಟಿರುತ್ತಾಳೆ, ಅದೂ ಐದು ಅರ್ಜಿ ಶುಲ್ಕ ಕಟ್ಟಿ.

ವಾಪಸ್ ಕಳಿಸಲು ಕಾರಣ? ಪಾಠ ಮಾಡುವವರು ಸಾಲದು. ತರಬೇತಿಗೆ ಆಸ್ಪತ್ರೆಗಳಲ್ಲಿ ಜಾಗ ಸಾಲದು. ವಾರ್ಡ್‌ನಲ್ಲಿ ಜೊತೆ ನಿಂತು ಕಲಿಸಲು ಅನುಭವಿ ನರ್ಸ್‌ಗಳು ಸಾಲದು. ಪಾಠ ಮಾಡಬೇಕೆಂದರೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯಾದರೂ ಬೇಕು, ಅಷ್ಟು ಓದಿದ ನರ್ಸ್‌ಗೆ ಆಸ್ಪತ್ರೆಯಲ್ಲಿ ಜಾಸ್ತಿ ಸಂಬಳ ಸಿಗುವಾಗ ಕಡಿಮೆ ಸಂಬಳಕ್ಕೆ ಸೀಮೆಸುಣ್ಣ ಹಿಡಿಯಲು ಯಾರು ಬರುತ್ತಾರೆ? ಹಾಗಾಗಿ ಪಾಠ ಮಾಡಲು ನರ್ಸ್ ಇಲ್ಲ. ಪಾಠ ಇಲ್ಲದ್ದರಿಂದ ಹೊಸ ನರ್ಸ್ ಇಲ್ಲ. ಹೊಸ ನರ್ಸ್ ಇಲ್ಲದ್ದರಿಂದ ವಾರ್ಡ್‌ನಲ್ಲಿ ಇರುವವರಿಗೆ ಉಸಿರಾಡಲು ಪುರುಸೊತ್ತಿಲ್ಲ, ಪುರುಸೊತ್ತಿಲ್ಲದವರು ವಿದ್ಯಾರ್ಥಿಗಳಿಗೆ ಏನು ಕಲಿಸುತ್ತಾರೆ, ಆದ್ದರಿಂದ ಆಸ್ಪತ್ರೆ "ಈ ವರ್ಷ ವಿದ್ಯಾರ್ಥಿಗಳನ್ನು ಕಳಿಸಬೇಡಿ" ಅನ್ನುತ್ತದೆ, ಕಾಲೇಜು ಸೀಟು ಕಡಿಮೆ ಮಾಡುತ್ತದೆ, ಮತ್ತೆ ನರ್ಸ್ ಇಲ್ಲ. ಗಾಣದ ಎತ್ತೂ ಕೊನೆಗೆ ಒಂದಿಷ್ಟು ಎಣ್ಣೆ ಕೊಡುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಿಮಗೆ ಬರುವ ಪತ್ರದಲ್ಲಿ ಇದರ ಒಂದಕ್ಷರವೂ ಇರುವುದಿಲ್ಲ. ಅಲ್ಲಿರುವುದು ಇಷ್ಟೇ: "ಈ ವರ್ಷ ಸ್ಪರ್ಧೆ ಹಿಂದೆಂದಿಗಿಂತ ತೀವ್ರವಾಗಿತ್ತು." ಇದನ್ನು ಪ್ರತಿವರ್ಷ ಬರೆಯುತ್ತಾರೆ. "ನಮ್ಮಲ್ಲಿ ಮೇಷ್ಟ್ರು ಇಲ್ಲ" ಅಂತ ಬರೆದರೆ ಅದು ಕಾಲೇಜಿನ ಕೊರತೆ ಆಗುತ್ತದೆ, "ಸ್ಪರ್ಧೆ ತೀವ್ರ" ಅಂತ ಬರೆದರೆ ನಿಮ್ಮ ಕೊರತೆ ಆಗುತ್ತದೆ. ಎಷ್ಟು ಸುಲಭ ನೋಡಿ. ಪತ್ರ ಓದಿದ ಹುಡುಗಿ ತನ್ನ ಕೆಮಿಸ್ಟ್ರಿ ಮಾರ್ಕ್ಸ್ ನೆನೆದು ಅಳುತ್ತಾಳೆ, ಕಾಲೇಜು ತನ್ನ ಪ್ರಚಾರ ಪತ್ರಿಕೆಯಲ್ಲಿ "ಅತ್ಯಂತ ಬೇಡಿಕೆಯ ಕೋರ್ಸ್" ಅಂತ ದಪ್ಪ ಅಕ್ಷರದಲ್ಲಿ ಹಾಕಿಕೊಳ್ಳುತ್ತದೆ. ಎಷ್ಟು ಜನರನ್ನು ಹೊರಗೆ ನಿಲ್ಲಿಸಿದೆವು ಅನ್ನುವುದೇ ಹೆಮ್ಮೆ. ಎಷ್ಟು ರೋಗಿಗಳನ್ನು ವಾಪಸ್ ಕಳಿಸಿದೆವು ಅಂತ ಆಸ್ಪತ್ರೆ ಬೋರ್ಡ್ ಹಾಕಿಕೊಳ್ಳುವುದನ್ನು ನಾನು ಇನ್ನೂ ನೋಡಿಲ್ಲ. ಯಾರಿಗೂ ಐಡಿಯಾ ಕೊಡುವುದು ಬೇಡ.

ಆಯ್ಕೆ ಹೇಗೆ ನಡೆಯುತ್ತದೆ ಅನ್ನುವುದು ಇನ್ನೊಂದು ಕಥೆ. ಅಮೆರಿಕದಲ್ಲಿ ಟೀಸ್ ಅಂತ ಒಂದು ನರ್ಸಿಂಗ್ ಪ್ರವೇಶ ಪರೀಕ್ಷೆ ಇದೆ. 170 ಪ್ರಶ್ನೆ, 209 ನಿಮಿಷ, ಓದುವುದು, ಗಣಿತ, ವಿಜ್ಞಾನ, ಇಂಗ್ಲಿಷ್. ಅದಾದ ಮೇಲೆ ಪ್ರಬಂಧ. "ನಿಮ್ಮ ಕರುಣೆಯನ್ನು ಇಷ್ಟು ಪದ ಮೀರದಂತೆ ವಿವರಿಸಿ." ಕರುಣೆ ಮಿತಿ ಮೀರಿದರೆ ಪೋರ್ಟಲ್ ಕೊನೆಯ ಸಾಲನ್ನು ತಾನೇ ಕತ್ತರಿಸುತ್ತದೆ. ಆಮೇಲೆ ಶಿಫಾರಸು ಪತ್ರ, ಸ್ವಯಂಸೇವೆ ಮಾಡಿದ ಗಂಟೆಗಳ ಲೆಕ್ಕ, ಎಲ್ಲಕ್ಕೂ ಅಂಕ. ಕ್ಯಾಲಿಫೋರ್ನಿಯಾದ ಕೆಲವು ಕಮ್ಯುನಿಟಿ ಕಾಲೇಜುಗಳು ಮಾತ್ರ ಈ ಗೋಳೇ ಬೇಡ ಅಂತ ಅರ್ಹರ ಹೆಸರುಗಳನ್ನೆಲ್ಲ ಸೇರಿಸಿ ಲಾಟರಿ ಎತ್ತುವ ದಾರಿ ಹಿಡಿದವು. ನಗಬೇಡಿ. ನನಗೆ ಕೇಳಿದರೆ ಇಡೀ ವ್ಯವಸ್ಥೆಯಲ್ಲಿ ಪ್ರಾಮಾಣಿಕವಾಗಿದ್ದದ್ದು ಅದೊಂದೇ. "ನೀವೆಲ್ಲ ಯೋಗ್ಯರೇ, ನಮ್ಮ ಹತ್ರ ಕುರ್ಚಿ ಇಲ್ಲ, ಚೀಟಿ ಎತ್ತುತ್ತೇವೆ" ಅಂತ ನೇರವಾಗಿ ಹೇಳಿದ ಹಾಗಾಯಿತು. ಮಿಕ್ಕವರು ದಶಮಾಂಶದ ಎರಡನೇ ಸ್ಥಾನದಲ್ಲಿ ಯಾರು ಒಳ್ಳೆಯ ನರ್ಸ್ ಆಗುತ್ತಾರೆ ಅಂತ ಕಂಡುಹಿಡಿಯುತ್ತಾ ಕೂತಿದ್ದಾರೆ.

ಕಾಯುವುದಕ್ಕೆ ಕೊನೆ ದಿನಾಂಕ ಇಲ್ಲ, ಆದರೆ ನಿಮ್ಮಲ್ಲಿರುವ ಎಲ್ಲದಕ್ಕೂ ಇದೆ. ಪ್ರವೇಶ ಪರೀಕ್ಷೆಯ ಅಂಕಕ್ಕೆ ವಾಯಿದೆ. ಜೀವ ಉಳಿಸುವ ಪ್ರಥಮ ಚಿಕಿತ್ಸೆಯ ಕಾರ್ಡ್‌ಗೆ ಎರಡು ವರ್ಷ. ಎಷ್ಟೋ ಕಾಲೇಜುಗಳಲ್ಲಿ ಅಂಗರಚನಾ ಶಾಸ್ತ್ರದ ಮಾರ್ಕ್ಸ್‌ಗೂ ಐದೋ ಏಳೋ ವರ್ಷದ ಗಡುವು, ಅದು ದಾಟಿದರೆ ಮತ್ತೆ ದುಡ್ಡು ಕಟ್ಟಿ ಓದಿ ಬನ್ನಿ ಅನ್ನುತ್ತಾರೆ. ಮಧ್ಯದಲ್ಲಿ ಮನುಷ್ಯನ ಮೂತ್ರಪಿಂಡ ಏನಾದರೂ ಜಾಗ ಬದಲಾಯಿಸಿತಾ? ಜ್ಞಾನ ಹಳತಾಗುತ್ತದೆ ಅನ್ನುವ ವಾದ ನನಗೂ ಅರ್ಥವಾಗುತ್ತದೆ. ಆದರೆ ಅದನ್ನು ಹಳತು ಮಾಡಿದ್ದು ಯಾರು ಸ್ವಾಮಿ? ತಾಜಾ ಇದ್ದಾಗಲೇ ತಂದುಕೊಟ್ಟಿದ್ದರು, ನೀವೇ ಇಟ್ಟುಕೊಂಡು ಕೂತಿರಿ.

ಇಷ್ಟು ಸತಾಯಿಸುವ ಸಂಪ್ರದಾಯ ಎಲ್ಲಿಂದ ಬಂತು ಅಂತ ಹಿಂದೆ ತಿರುಗಿ ನೋಡಿದರೆ ಮೊದಲು ಹೀಗಿರಲಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಶಾಲೆ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುರುವಾದಾಗ ಕಲಿಯಲು ಬಂದವರಿಗೆ ಊಟ, ವಸತಿ, ಮೇಲೆ ಕೈಖರ್ಚಿಗೆ ದುಡ್ಡು ಕೊಡುತ್ತಿದ್ದರು. ಪ್ರತಿ ತಿಂಗಳು ಒಬ್ಬೊಬ್ಬರ ಬಗ್ಗೆಯೂ ಒಂದು ಪಟ್ಟಿ ಬರೆಯುತ್ತಿದ್ದರು: ಸಮಯಕ್ಕೆ ಸರಿಯಾಗಿ ಬರುತ್ತಾರಾ, ಸದ್ದಿಲ್ಲದೆ ಇರುತ್ತಾರಾ, ನಂಬಬಹುದಾ. ಅದೇ ಪಟ್ಟಿ ಹಿಡಿದು ಇವತ್ತಿನ ಪ್ರವೇಶ ವಿಭಾಗಗಳಿಗೆ ಮಾರ್ಕ್ಸ್ ಹಾಕಿದರೆ ಸದ್ದಿಲ್ಲದೆ ಇರುವುದರಲ್ಲಿ ನೂರಕ್ಕೆ ನೂರು. ಸಮಯದ ಕಾಲಂ ಬಗ್ಗೆ ಮಾತು ಬೇಡ.

ಆದರೆ ವಾಪಸ್ ಕಳಿಸುವ ಕಲೆ ಆಗಲೂ ಇತ್ತು. ಜಮೈಕಾದ ಮೇರಿ ಸೀಕೋಲ್ 1854ರಲ್ಲಿ ಲಂಡನ್ನಿಗೆ ಬಂದು ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಹೋಗುತ್ತೇನೆ ಅಂತ ಕೇಳಿಕೊಂಡರು. ಕಾಲರಾ ರೋಗಿಗಳನ್ನು ನೋಡಿಕೊಂಡು ಬಂದಿದ್ದ ಹೆಂಗಸು, ಅನುಭವಕ್ಕೆ ಏನೂ ಕಡಿಮೆ ಇರಲಿಲ್ಲ. ಆಫೀಸಿಂದ ಆಫೀಸಿಗೆ ಅಲೆಸಿ ಆಗಲ್ಲ ಅಂದರು. ಅವರು ಕಪ್ಪು ಬಣ್ಣದವರು ಅನ್ನುವುದೂ ಕಾರಣವಿರಬಹುದು ಅಂತ ಅವರಿಗೇ ಅನುಮಾನ ಬಂದಿತ್ತು. ಅವರು ಇನ್ನೊಂದು ಸುತ್ತು ಕಾಯಲಿಲ್ಲ. ಸ್ವಂತ ಖರ್ಚಿನಲ್ಲಿ ಹಡಗು ಹತ್ತಿ ಕ್ರಿಮಿಯಾದ ಬಾಲಕ್ಲಾವಾ ಹತ್ತಿರ ಸೈನಿಕರಿಗೆ ಊಟ, ಔಷಧಿ ಕೊಡುವ ಜಾಗ ಮಾಡಿಕೊಂಡು ಕೂತರು. 2016ರಲ್ಲಿ ಅವರ ಪ್ರತಿಮೆ ನಿಲ್ಲಿಸಿದರು. ಎಲ್ಲಿ? ಅದೇ ಸೇಂಟ್ ಥಾಮಸ್ ಆಸ್ಪತ್ರೆಯ ಅಂಗಳದಲ್ಲಿ. ಅರ್ಜಿಯ ಸ್ಟೇಟಸ್ ಬದಲಾಗಲು 162 ವರ್ಷ ಹಿಡಿಯಿತು, ಅಷ್ಟೇ. ನಿಮ್ಮದು ಇನ್ನೂ ಒಂದು ವರ್ಷವೂ ಆಗಿಲ್ಲ, ಗಡಿಬಿಡಿ ಮಾಡಬೇಡಿ.

ಹೊಗಳುವ ವಿಷಯದಲ್ಲಿ ಮಾತ್ರ ಈ ಲೋಕ ತಡ ಮಾಡುವುದಿಲ್ಲ. 2020ನ್ನು ನರ್ಸ್ ಮತ್ತು ಸೂಲಗಿತ್ತಿಯರ ವರ್ಷ ಅಂತ ಘೋಷಿಸಿದರು. ಆ ವರ್ಷವೇ ಕೊರೊನಾ ಬಂತು, ಜನ ಮನೆ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ಎಷ್ಟೋ ಹುಡುಗ ಹುಡುಗಿಯರು "ನಾವೂ ಇದನ್ನೇ ಓದೋಣ" ಅಂತ ಹೊರಟರು. 2021ರಲ್ಲಿ ವಾಪಸ್ ಹೋದ ಅರ್ಜಿಗಳು, ಅದೇ ಅಮೆರಿಕದ ಸಂಘದ ಲೆಕ್ಕದಲ್ಲಿ, 91,938. ಚಪ್ಪಾಳೆ ತಟ್ಟಿ ಕರೆದು ಬಾಗಿಲು ಹಾಕಿದ ಲೆಕ್ಕ ಅದು.

ಕೊನೆಗೂ ಕೆಲವರಿಗೆ ಮೇಲ್ ಬರುತ್ತದೆ. ಸಾಮಾನ್ಯವಾಗಿ ಸ್ಪ್ಯಾಮ್ ಡಬ್ಬಿಗೆ, ಶುಕ್ರವಾರ ಸಂಜೆ. "ಅಭಿನಂದನೆಗಳು! ಸೀಟು ಉಳಿಸಿಕೊಳ್ಳಲು 48 ಗಂಟೆಯೊಳಗೆ ಒಪ್ಪಿಗೆ ತಿಳಿಸಿ, ಮುಂಗಡ ಕಟ್ಟಿ." ತಿಂಗಳುಗಟ್ಟಲೆ ಮಲಗಿದ್ದ ಆಫೀಸಿಗೆ ಈಗ ಒಂದು ನಿಮಿಷವೂ ತಡೆಯಲು ಆಗುವುದಿಲ್ಲ. ಪೊಲೀಸ್ ಪರಿಶೀಲನೆ ಪತ್ರ ಬೇಕು, ಕ್ಷಯದ ಪರೀಕ್ಷೆ ಬೇಕು, ಯೂನಿಫಾರ್ಮ್ ಅಳತೆ ಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿರುವ ದಾಖಲೆ ಬೇಕು, ಎರಡು ವಾರದೊಳಗೆ. ಆ ಮೂರು ಡೋಸ್ ಸಾಮಾನ್ಯ ಕ್ರಮದಲ್ಲಿ ಮುಗಿಯಲು ಆರು ತಿಂಗಳು ಬೇಕು ಅನ್ನುವುದು ನರ್ಸಿಂಗ್ ಕಲಿಸುವವರಿಗೆ ಗೊತ್ತಿರಬೇಕಿತ್ತು. ಪರವಾಗಿಲ್ಲ, ಒಂದಾದರೂ ಆಗಲಿ ಅಂತ ಓಡಿಹೋಗಿ ಲಸಿಕೆ ಕೊಡುವ ಕಡೆ ವಿಚಾರಿಸಿದರೆ ಕೌಂಟರಿನವರು ತಲೆ ಎತ್ತದೆ ಹೇಳುತ್ತಾರೆ: "ಇವತ್ತು ಸಿಸ್ಟರ್ ಒಬ್ಬರೇ ಇರೋದು ಮೇಡಂ, ಟೋಕನ್ ತಗೊಂಡು ಕೂತಿರಿ."