ಹಾವಿಗೆ ಕಾರ್ನರ್ ಸೈಟು

ನಮ್ಮ ಮೈಸೂರಿನ ಹಾವುಗಳಿಗೆ ವಸತಿ ಸಮಸ್ಯೆ ಇಲ್ಲ. ರಿಂಗ್ ರೋಡಿನ ಆಚೆ ಯಾವುದಾದರೂ ಲೇಔಟಿಗೆ ಹೋಗಿ ನೋಡಿ. ಈಸ್ಟ್ ಫೇಸಿಂಗ್, ಕಾರ್ನರ್, ನಲವತ್ತಡಿ ರಸ್ತೆ, ಎದುರಿಗೇ ಪಾರ್ಕು. ಸೊಂಟದ ಎತ್ತರ ಬೆಳೆದ ಪಾರ್ಥೇನಿಯಂ. ಒಳಗೆ ಸಂಸಾರ ಸಮೇತ ನಾಗಪ್ಪ. ಖಾತೆ ಕೇಳುವವರಿಲ್ಲ, ಅಡ್ವಾನ್ಸ್ ಇಲ್ಲ, ‘ಸಸ್ಯಾಹಾರಿಗಳಿಗೆ ಮಾತ್ರ’ ಅನ್ನುವ ಬೋರ್ಡಂತೂ ಇಲ್ಲವೇ ಇಲ್ಲ.

ಸೈಟಿನ ಯಜಮಾನರು ಬೆಂಗಳೂರಲ್ಲೋ ಅಮೆರಿಕದಲ್ಲೋ ಇರುತ್ತಾರೆ. ದಸರಾಕ್ಕೆ ಬಂದಾಗ ಗಡಿಕಲ್ಲು ಅಲ್ಲೇ ಇದೆಯಾ ಅಂತ ನೋಡಿ, ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. 2023ರಲ್ಲಿ ಹೊಸ ಹೆದ್ದಾರಿ ಆದ ಮೇಲಂತೂ ಈ ಕಲ್ಲು ನೋಡುವ ಯಾತ್ರೆ ಇನ್ನೂ ಸಲೀಸು. ‘ಇಲ್ಲೊಂದು ಮನೆ ಕಟ್ಟಿದರೆ ಹೇಗೆ?’ ಅಂತ ಬ್ರೋಕರನ್ನು ಕೇಳಿ ನೋಡಿ. ಗಾಬರಿ ಬೀಳುತ್ತಾನೆ. ‘ಅಯ್ಯೋ, ಕಟ್ಟೋಕೆ ಹೋಗ್ಬೇಡಿ ಸಾರ್! ಹಾಗೇ ಇಟ್ಕೊಳಿ. ಕಟ್ಟಿಬಿಟ್ರೆ ಆಮೇಲೆ ಮಾರೋದು ಕಷ್ಟ.’

ಇಕ್ಕಟ್ಟಾದ ಗಲ್ಲಿಗಳಲ್ಲಿ ಪ್ಲೇಗಿಗೆ ಸಿಕ್ಕಿದ್ದ ಜನಕ್ಕೆ ಗಾಳಿ ಬೆಳಕು ಸಿಗಲಿ ಅಂತ ಈ ಊರಲ್ಲಿ 1903ರಲ್ಲೇ ನಗರ ಸುಧಾರಣಾ ಮಂಡಳಿ ಮಾಡಿದ್ದರು. ನೂರಿಪ್ಪತ್ತು ವರ್ಷದಲ್ಲಿ ಅರ್ಧ ಕೆಲಸ ಮುಗಿದಿದೆ. ಲೇಔಟುಗಳಿಗೆ ಗಾಳಿ ಬೆಳಕು ಧಾರಾಳವಾಗಿ ಬಂದಿದೆ. ಜನ ಬರಬೇಕಷ್ಟೆ.

2024ರಲ್ಲಿ ಸೈಟು ಹಂಚುವ ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ ಗಲಾಟೆ ಎದ್ದಾಗ ನಾಡಿಗೆ ನಾಡೇ 50:50 ಲೆಕ್ಕ ಕಲಿಯಿತು: ಲೇಔಟಿಗೆ ಜಮೀನು ಹೋದವರಿಗೆ ಅಭಿವೃದ್ಧಿಯಾದ ಜಾಗದಲ್ಲಿ ಅರ್ಧ, ಪ್ರಾಧಿಕಾರಕ್ಕೆ ಅರ್ಧ. ಸಿದ್ದರಾಮಯ್ಯನವರ ಪತ್ನಿಗೆ ಸಿಕ್ಕಿದ್ದ ವಿಜಯನಗರದ 14 ಸೈಟಿನ ಹೆಸರಲ್ಲಿ ಪಾದಯಾತ್ರೆ ನಡೆಯಿತು, ವಿಷಯ ಕೋರ್ಟು ಹತ್ತಿತು, ಸೈಟುಗಳು ವಾಪಸ್ಸೂ ಆದವು. ಸೈಟುಗಳೇ ಇಷ್ಟೊಂದು ಓಡಾಡಿದವು. ಅರ್ಜಿ ಹಾಕಿ ಕಾಯುತ್ತಾ ಮುದುಕರಾದವರ ಪರವಾಗಿ ಯಾರೂ ನಾಲ್ಕು ಹೆಜ್ಜೆ ನಡೆದದ್ದು ನನಗೆ ಕಾಣಲಿಲ್ಲ. ಬಿಸಿಲು ಜಾಸ್ತಿ ಇತ್ತೇನೋ.

ಇನ್ನು ಅರ್ಜಿ ಹಾಕುವ ಯೋಗ್ಯತೆಯೂ ಇಲ್ಲದವರು, ಅಂದರೆ ಫುಟ್‌ಪಾತಿನವರು. ಅವರಿಗೂ ನಿಯಮ ಮಾಡಿದ್ದರು. ಲಕ್ಷ ಜನಸಂಖ್ಯೆಗೆ ನೂರು ಜನ ಮಲಗುವಷ್ಟು ರಾತ್ರಿ ತಂಗುದಾಣ ಇರಬೇಕು ಅಂದಿತ್ತು ಕೇಂದ್ರದ ಯೋಜನೆ. 2011ರ ಜನಗಣತಿಯಲ್ಲೇ ನಾವು ಸುಮಾರು 9 ಲಕ್ಷ. ಲೆಕ್ಕ ನೀವೇ ಹಾಕಿ. ಆಮೇಲೆ ರಾತ್ರಿ ಹನ್ನೊಂದಕ್ಕೆ ಬಸ್ ನಿಲ್ದಾಣದ ಸುತ್ತ ಒಂದು ರೌಂಡು ಹೋಗಿ ಬನ್ನಿ. ಹತ್ತಿರದಲ್ಲೇ ಅರಮನೆ. ಭಾನುವಾರ ಅದಕ್ಕೆ ಸುಮಾರು ಒಂದು ಲಕ್ಷ ಬಲ್ಬು ಹತ್ತುತ್ತವೆ. ಬಲ್ಬಿಗೆ ಒಳ್ಳೆ ವಿಳಾಸ ಸಿಕ್ಕಿದೆ, ಅಲ್ವಾ?

ವಿಳಾಸ ಅಂದಾಗ ನೆನಪಾಯಿತು. ಆ ಫುಟ್‌ಪಾತಿನವರಲ್ಲಿ ಒಬ್ಬ ಧೈರ್ಯ ಮಾಡಿ ಒಂದು ಸೈಟಿಗೆ ಅರ್ಜಿ ಹಾಕಿದ ಅಂದುಕೊಳ್ಳಿ. ‘ನನಗೆ ಮನೆ ಇಲ್ಲ’ ಅಂತ ಅಫಿಡವಿಟ್ಟೂ ಕೊಟ್ಟ. ಹಾಲಿ ವಿಳಾಸ: ಸಬರ್ಬನ್ ಬಸ್ ನಿಲ್ದಾಣ, ಮೂರನೇ ಕಂಬ, ಮೈಸೂರು 570001. ಗುಮಾಸ್ತರು ಕನ್ನಡಕ ಏರಿಸಿ ಓದುತ್ತಾರೆ.

‘ಪಿನ್‌ಕೋಡ್ ಸರಿಯಾಗಿದೆಯಪ್ಪಾ. ಮನೆ ಇಲ್ಲ ಅನ್ನೋದಕ್ಕೆ ಆ ಮನೆಯ ಕರೆಂಟ್ ಬಿಲ್ ಒಂದು ತಗೊಂಡು ಬಾ.’