ಆ ಕಾಗದಕ್ಕೆ ನನ್ನ ಸಹಿ ಇಲ್ಲ

ನಿನ್ನೆ ಸಂಜೆಯಿಂದ ಹೊಟ್ಟೆ ಕುದೀತಿದೆ. ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಪಾವ್ ಮಾರುವ ಪೊದೇರ್‌ನ ಸೈಕಲ್ಲಿನ ಪೋಂ ಪೋಂ ಕೇಳಿಸುವ ಹೊತ್ತಿಗೆ ಎದ್ದು, ಚಹಾಕ್ಕೆ ಇಟ್ಟು, ಫೋನ್ ಹಿಡಿದು ಕೂತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತು ಇದ್ದವರು ಓದಿ.

ಮೂರು ತಿಂಗಳ ಹಿಂದೆ ನಮ್ಮ ಬಿಲ್ಡಿಂಗಿಗೆ ಬೆಂಗಳೂರಿನಿಂದ ಒಂದು ಜೋಡಿ ಬಂತು. ಇಬ್ಬರೂ ಮನೆಯಲ್ಲೇ ಕೂತು ಕಂಪನಿ ಕೆಲಸ ಮಾಡುವವರು. ಲಿಫ್ಟಿನಲ್ಲಿ ಕನ್ನಡ ಕಿವಿಗೆ ಬಿದ್ದಾಗ ನನಗಾದ ಸಂತೋಷ ಎಷ್ಟು ಅಂತ, ನನ್ನ ಹಾಗೆ ಊರು ಬಿಟ್ಟು 24 ವರ್ಷ ಗೋವಾದ ಮಡಗಾಂವಿನಲ್ಲಿ ಕಳೆದವರಿಗೇ ಗೊತ್ತು. ಆವತ್ತೇ ರಾತ್ರಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಡಬ್ಬಿಗೆ ಹಾಕಿ ಕೊಟ್ಟೆ. ಜೋಳದ ಹಿಟ್ಟು ಎಲ್ಲಿ ಸಿಗುತ್ತೆ, ಹುಬ್ಬಳ್ಳಿ ಬಸ್ಸು ಎಷ್ಟಕ್ಕೆ ಹೊರಡುತ್ತೆ ಎಲ್ಲ ಹೇಳಿಕೊಟ್ಟೆ. ಒಳ್ಳೆ ಮಕ್ಕಳು. ಅದಕ್ಕೇ ಇಷ್ಟು ಸಂಕಟ.

ನಿನ್ನೆ ಅವರಿಬ್ಬರೂ ಒಂದು ಕಾಗದ ಹಿಡಿದು ಬಂದರು. ಟೆರೇಸಿನ ಮೇಲೆ ಮೀನು, ಸೀಗಡಿ ಒಣಗಿಸುವುದನ್ನು ಸೊಸೈಟಿ ಬಂದ್ ಮಾಡಿಸಬೇಕು, ವಾಸನೆ ಬರುತ್ತೆ, ಸ್ವಚ್ಛತೆ ಇರೋದಿಲ್ಲ ಅಂತ ಬರೆದಿತ್ತು. ಕೆಳಗೆ ಆಗಲೇ ನಾಲ್ಕು ಸಹಿ. ನಾಲ್ಕೂ ನಮ್ಮ ಹಾಗೆ ಹೊರಗಿನಿಂದ ಬಂದವರದ್ದು. ಹುಡುಗ ಪೆನ್ನು ಮುಂದೆ ಹಿಡಿದು ಹೇಳಿದ, "ಆಂಟಿ, ನೀವೂ ನಮ್ಮವರೇ ಅಲ್ವಾ, ಪ್ಯೂರ್ ವೆಜ್ಜು. ಹಳಬರು ನೀವು, ನಿಮ್ಮದೊಂದು ಸಹಿ ಇದ್ರೆ ತೂಕ ಬರುತ್ತೆ."

ಚಹಾ ಕೊಟ್ಟೆ. ಸಹಿ ಕೊಡಲಿಲ್ಲ. "ನಾ ಮಾಡಂಗಿಲ್ಲಪಾ" ಅಂದೆ, ಅಷ್ಟೇ. ಮಾತು ಮುಂದುವರಿಸಿದ್ದರೆ ದನಿ ಏರುತ್ತಿತ್ತು. ಆಗ ನುಂಗಿಕೊಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಟೆರೇಸಿನಲ್ಲಿ ಸೀಗಡಿ ಒಣಗಿಸುವವರು ನಮ್ಮ ಪಕ್ಕದ ಮನೆ ವೈನಿ. (ನಮ್ಮ ಗದಗ ಕಡೆ ಅಣ್ಣನ ಹೆಂಡತಿಗೆ ವೈನಿ ಅಂತೀವಲ್ಲ, ಇಲ್ಲಿಯವರೂ ಹಾಗೇ ಕರೀತಾರೆ. ನಾನು ಕರೆದ ಮೊದಲ ದಿನವೇ ಅವರು ಹಿಂದಿ ಬಿಟ್ಟು ಕೊಂಕಣಿಗೆ ಇಳಿದಿದ್ದರು.) ಮೇ ತಿಂಗಳ ಕೊನೆ ಬಂತೆಂದರೆ ಗೋವಾದಲ್ಲಿ ಮನೆಮನೆಯಲ್ಲೂ ಪುರುಮೆಂತ್ ನಡೆಯುತ್ತೆ. ಪೋರ್ಚುಗೀಸರಿಂದ ಬಂದ ಮಾತು, ಮಳೆಗಾಲಕ್ಕೆ ಕೂಡಿಡುವ ದಿನಸಿ ಅಂತ ಅರ್ಥ. ಕೋಕಂ ಸೊಲಾಂ, ಉಪ್ಪುನೀರಿನ ಮಾವಿನಕಾಯಿ, ಒಣಮೆಣಸು, ಒಣಮೀನು, ಗಾಲ್ಮೊ ಅನ್ನುವ ಪುಟಾಣಿ ಒಣಸೀಗಡಿ. ಮಡಗಾಂವಿನಲ್ಲಂತೂ ಹೋಲಿ ಸ್ಪಿರಿಟ್ ಚರ್ಚಿನ ಹಬ್ಬದ ಜಾತ್ರೆಗೆ ಪುರುಮೆಂತಿನ ಫೆಸ್ತ್ ಅಂತಲೇ ಹೆಸರು. ಅಲ್ಲಿಗೆ ಎಲ್ಲ ಜಾತಿ ಧರ್ಮದವರೂ ಚೀಲ ಹಿಡಿದು ಹೋಗುತ್ತಾರೆ. ನಾನೂ ಹುಣಸೆಹಣ್ಣು, ಮೆಣಸಿನಕಾಯಿ ಅಲ್ಲೇ ತರೋದು.

ಯಾಕೆ ಕೂಡಿಡುತ್ತಾರೆ? ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ಕಡಲೂ ಹುಚ್ಚೆದ್ದಿರುತ್ತೆ. ಆ ಎರಡು ತಿಂಗಳು ಅನ್ನದ ಜೊತೆ ನೆಂಜಿಕೊಳ್ಳಲು ಬೇಕಾದದ್ದನ್ನು ಈಗಿನ ಬಿಸಿಲಿನಲ್ಲೇ ಒಣಗಿಸಿಕೊಳ್ಳಬೇಕು. ತೆಂಗಿನತುರಿ, ಈರುಳ್ಳಿ ಹಾಕಿ ಅದರದ್ದೇ ಕಿಸ್ಮೂರ್ ಮಾಡಿದರೆ ವೈನಿ ಮನೆಯಲ್ಲಿ ಆವತ್ತು ಊಟ ಸೊಗಸು. ಗದಗಿನಲ್ಲಿ ನಮ್ಮವ್ವ ಇದೇ ಬಿಸಿಲಿಗೆ ಮಾಳಿಗೆ ಮೇಲೆ ಹಪ್ಪಳ, ಸಂಡಿಗಿ, ಶ್ಯಾವಿಗಿ, ಬಾಳಕದ ಮೆಣಸಿನಕಾಯಿ ಹರವುತ್ತಿದ್ದಳು. ಕೋಲು ಹಿಡಿದು ಕಾಗೆ ಕಾಯುವ ಕೆಲಸ ನನ್ನದು. ವೈನಿಯೂ ಕೋಲು ಹಿಡಿದೇ ಕೂರುತ್ತಾರೆ.

ವಾಸನೆ ಬರೋದಿಲ್ಲ ಅಂತ ನಾನು ಹೇಳೋದಿಲ್ಲ. ಬರುತ್ತೆ. ಹುಟ್ಟಿನಿಂದ ತಿನ್ನದವರಿಗೆ ಮೊದಮೊದಲು ಹೊಟ್ಟೆ ತೊಳಸುತ್ತೆ. ಅದು ಆ ಮಕ್ಕಳ ತಪ್ಪಲ್ಲ. ಮೂಲೆಗೆ ಸರಿಸಿ ಅಂತ ಬಾಯಿಬಿಟ್ಟು ಕೇಳಬಹುದಿತ್ತು, ವೈನಿ ಸರಿಸುತ್ತಿದ್ದರು. ಆದರೆ ಮೂರು ತಿಂಗಳಲ್ಲಿ ಒಂದು ಸಲವೂ ಅವರ ಜೊತೆ ಮಾತಾಡದೆ, ಅವರ ಬೆನ್ನ ಹಿಂದೆ ಕಾಗದ ಬರೆದು, ಅದಕ್ಕೆ ನನ್ನ ಹತ್ತಿರ ಬಂದದ್ದು ಯಾಕೆ? ನಾನು "ನಮ್ಮವಳು" ಅಂತ. ಆ ಮಾತೇ ನನ್ನನ್ನು ಇಡೀ ರಾತ್ರಿ ಚುಚ್ಚಿದ್ದು. 24 ವರ್ಷದಲ್ಲಿ ನನಗೆ ಜ್ವರ ಬಂದಾಗ ಗಂಜಿ ತಂದವರು ಯಾರು? ನಮ್ಮೆಜಮಾನರು ರಾತ್ರಿ ಪಾಳಿಯಲ್ಲಿದ್ದಾಗ ಮಗನನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡಿದವರು ಯಾರು? ಸೋಮವಾರ ನನ್ನನ್ನು ಊಟಕ್ಕೆ ಕರೆದು, "ಆಯ್ಜ್ ಶಿವರಾಕ್" (ಇವತ್ತು ಸಸ್ಯಾಹಾರ) ಅಂತ ಬಾಗಿಲಲ್ಲೇ ಹೇಳಿ, ನನಗೆ ಸಂಕೋಚ ಆಗದ ಹಾಗೆ ನೋಡಿಕೊಳ್ಳುವವರು ಯಾರು? ಅವರು ನಮ್ಮವರಲ್ಲವಾ?

ಈಗ ಒಂದು ವಿಷಯ ಹೇಳಿಕೊಳ್ಳಬೇಕು. ಮನೆಯವರಿಗೆ ಬಿಟ್ಟು ಇದುವರೆಗೆ ಯಾರಿಗೂ ಹೇಳಿಲ್ಲ.

2001ರಲ್ಲಿ ನಾವು ಇಲ್ಲಿಗೆ ಬಂದಾಗ ಒಂದು ಹಳೇ ಕ್ರಿಶ್ಚಿಯನ್ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೆವು. ಮನೆ ಮಾಲಕಿ ಆಂಟಿಗೆ ಆಗಲೇ ಅರವತ್ತು ದಾಟಿತ್ತು. ಮುಂದಿನ ಮೇನಲ್ಲಿ ನಾನು ಮೊದಲ ಸಲ ಸ್ವಂತ ಕೈಯಿಂದ ಸಂಡಿಗೆ ಮಾಡಿ, ಹಳೇ ಧೋತರ ಹಾಸಿ, ಅವರ ತಾರಸಿಯಲ್ಲೇ ಹರವಿದ್ದೆ. ಅವರು ನಾಲ್ಕು ಮಾರು ದೂರದಲ್ಲಿ ಮೊರದ ತುಂಬ ಗಾಲ್ಮೊ ಇಟ್ಟಿದ್ದರು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಹೋಗಿ, "ಇದನ್ನ ಬೇರೆ ಕಡೆ ಇಡಿ, ನನ್ನ ಸಂಡಿಗಿಗೆ ವಾಸನಿ ಹತ್ತತದ" ಅಂದೆ. ಅವರ ಮನೆ, ಅವರ ತಾರಸಿ, ಬಾಡಿಗೆಗೆ ಬಂದವಳು ನಾನು. ಅವರು ಒಂದು ಮಾತೂ ಆಡದೆ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದರು.

ಮರುದಿನ ಮಧ್ಯಾಹ್ನ ನಾನು ಮಾರ್ಕೆಟ್ಟಿಗೆ ಹೋದಾಗ ದಿಢೀರ್ ಮಳೆ. ಒದ್ದೆಮುದ್ದೆಯಾಗಿ ಓಡಿ ಬಂದರೆ ನನ್ನ ಸಂಡಿಗೆ ಧೋತರದ ಸಮೇತ ಮೆಟ್ಟಿಲ ಹತ್ತಿರ, ಒಂದು ತುಣುಕೂ ಮುರಿಯದೆ, ಒಣಗಿ ಇತ್ತು. ಆಂಟಿ ಪಕ್ಕದಲ್ಲಿ ನಿಂತಿದ್ದರು. ನಾನು ಏನು ಹೇಳಲಿ ಅಂತ ತಡವರಿಸುವಾಗ ಅವರೇ ಎರಡೂ ಕೈ ಮುಂದೆ ಚಾಚಿ, ತಮ್ಮ ಮುರುಕು ಹಿಂದಿಯಲ್ಲಿ ಹೇಳಿದರು: "ಸೋಪು ಹಚ್ಚಿ ಕೈ ತೊಳೆದುಕೊಂಡೇ ಮುಟ್ಟಿದ್ದೀನಿ ಬಾಯ್, ಹೆದರಬೇಡ."

ಆ ಕೈಗಳನ್ನು ನಾನು ಮರೆತಿಲ್ಲ. ಬೆರಳ ತುದಿಯಲ್ಲಿ ಇನ್ನೂ ನೀರಿತ್ತು, ಸೋಪಿನ ಪರಿಮಳ ಬರುತ್ತಿತ್ತು. ಮಳೆ ಹನಿ ಬೀಳುತ್ತಿರುವಾಗ ಮೊದಲು ಒಳಗೋಡಿ ಕೈ ತೊಳೆದು, ಆಮೇಲೆ ತಾರಸಿ ಹತ್ತಿದ್ದರು. ಅರವತ್ತು ದಾಟಿದ ಹೆಂಗಸನ್ನು ಆ ಸ್ಥಿತಿಗೆ ತಂದದ್ದು ನನ್ನ ಒಂದು ಮಾತು, ಮೂಗಿನ ಮೇಲಿದ್ದ ನನ್ನ ಸೆರಗು. ಕ್ಷಮೆ ಕೇಳಲು ನನಗಾಗ ಕೊಂಕಣಿ ಬರುತ್ತಿರಲಿಲ್ಲ. ಬರುವ ಹೊತ್ತಿಗೆ ಅವರು ಇರಲಿಲ್ಲ.

ಅದಕ್ಕೇ ನಿನ್ನೆ ಆ ಪೆನ್ನು ನೋಡಿ ಕೈ ನಡುಗಿದ್ದು.

ನಮ್ಮ ಕನ್ನಡದವರು ಇಲ್ಲಿಗೆ ಬಂದು ಆಡುವ ಮಾತು ನಾನು ಕೇಳದ್ದೇನಲ್ಲ. "ಮಧ್ಯಾಹ್ನ ಒಂದು ಗಂಟೆಗೆ ಶಟರ್ ಎಳೀತಾರೆ, ನಾಲ್ಕರವರೆಗೆ ಮಲಗ್ತಾರೆ, ಸೋಮಾರಿ ಜನ." ಈ ಜನವರಿಯಲ್ಲಿ ಬಂದಿದ್ದ ನಮ್ಮ ಕಾಕಾ ಮುಚ್ಚಿದ ಹಾರ್ಡ್‌ವೇರ್ ಅಂಗಡಿ ಎದುರು ನಿಂತು ಇದನ್ನೇ ಗಟ್ಟಿಯಾಗಿ ಹೇಳಿದರು. ಇದೇ ಕಾಕಾ, ನನ್ನ ಮಗಳು ಜರ್ಮನಿಯಿಂದ "ಇಲ್ಲಿ ಭಾನುವಾರ ಅಂಗಡಿ ತೆಗೆಯೋ ಹಾಗಿಲ್ಲ, ಕಾನೂನೇ ಇದೆ, ಗೋಡೆಗೆ ಡ್ರಿಲ್ ಕೂಡ ಹೊಡೆಯೋ ಹಾಗಿಲ್ಲ" ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದಾಗ, "ಎಂಥಾ ಶಿಸ್ತಿನ ದೇಶ ನೋಡವ್ವಾ" ಅಂತ ಬರೆದಿದ್ದರು. ಜರ್ಮನಿಯವರು ಇಡೀ ದಿನ ಮುಚ್ಚಿದರೆ ಶಿಸ್ತು, ಗೋವಾದವರು ಮೂರು ತಾಸು ಮುಚ್ಚಿದರೆ ಸೋಮಾರಿತನ! ಆ ಅಂಗಡಿಯವರು ರಾತ್ರಿ ಎಂಟರ ತನಕ ಗಲ್ಲೆಯಲ್ಲಿ ಕೂತಿರುತ್ತಾರೆ. ಏಪ್ರಿಲ್, ಮೇ ಮಧ್ಯಾಹ್ನ ನಮ್ಮೂರಲ್ಲಿ ಯಾವ ರೈತ ಹೊಲದಲ್ಲಿ ನಿಂತಿರುತ್ತಾನೆ ಹೇಳಿ ಕಾಕಾ.

ಆ ಮಗಳೇ ಮೊದಲ ಚಳಿಗಾಲದಲ್ಲಿ ಅಳುತ್ತಾ ಫೋನ್ ಮಾಡಿದ್ದಳು. ಅವಳ ಬಾಗಿಲಿಗೆ ಯಾರೋ ಚೀಟಿ ಅಂಟಿಸಿದ್ದರು, ನಿಮ್ಮ ಅಡುಗೆ ವಾಸನೆ ಮೆಟ್ಟಿಲವರೆಗೂ ಬರುತ್ತೆ ಅಂತ. ಇಂಗು ಸಾಸಿವೆಯ ಒಗ್ಗರಣೆ! "ಅವ್ವಾ, ನಾ ಹೊಲಸ ಏನ್?" ಅಂತ ಕೇಳಿದಳು. ಆವತ್ತು ನಮ್ಮ ಇಡೀ ಗ್ರೂಪು ಸಿಟ್ಟಿಗೆದ್ದಿತ್ತು. ಆ ಚೀಟಿಗೂ ನಿನ್ನೆಯ ಈ ಕಾಗದಕ್ಕೂ ಏನು ವ್ಯತ್ಯಾಸ, ನೀವೇ ಹೇಳಿ.

"ಗೋವಾ ಒಂದು ಕಾಲಕ್ಕೆ ನಮ್ಮದೇ ಆಗಿತ್ತು, ಕದಂಬರು ಆಳಿದ್ದು" ಅಂತ ಕೆಲವರು ಎದೆಯುಬ್ಬಿಸುತ್ತಾರೆ. ಆಳಿದ್ದು ನಿಜ. ತಾಂಬ್ಡಿ ಸುರ್ಲಾದ ಕಾಡಿನಲ್ಲಿ ಅವರ ಕಾಲದ ಮಹಾದೇವನ ಗುಡಿ ಇನ್ನೂ ನಿಂತಿದೆ, ಸರ್ಕಾರಿ ಬಸ್ಸಿಗೆ ಇವತ್ತಿಗೂ ಕದಂಬ ಅಂತಲೇ ಹೆಸರು. ಆ ಹೆಸರನ್ನು ಇಟ್ಟುಕೊಂಡು ಓಡಿಸುತ್ತಿರುವವರು ಗೋವಾದವರೇ. ಅದು ಅವರ ದೊಡ್ಡ ಮನಸ್ಸು, ನಮಗೆ ಸಿಕ್ಕ ಹಕ್ಕುಪತ್ರ ಅಲ್ಲ.

ಇನ್ನೊಂದು ಮಾತು ಬರುತ್ತೆ, ಅದು ನನಗೂ ನೋವಿನದೇ. "ಅವರು ನಮ್ಮನ್ನ ಘಾಂಟಿ ಅಂತಾರಲ್ಲ, ನಾವ್ಯಾಕೆ ಸಹಿಸಬೇಕು?" ಹೌದು, ಅಂತಾರೆ. ಘಟ್ಟದ ಮೇಲಿನವರು ಅನ್ನೋದು ಮೂಲ ಅರ್ಥವಿರಬಹುದು, ಬಾಯಿಂದ ಬರುವಾಗ ಅದು ಬೈಗುಳವೇ. ನಮ್ಮ ವಿಜಯಪುರ, ಬಾಗಲಕೋಟೆ, ಕೊಪ್ಪಳದ ಕಡೆಯ ಗೌಂಡಿಗಳು, ತರಕಾರಿ ಮಾರುವ ಹೆಣ್ಣುಮಕ್ಕಳು ದಿನಾ ಅದನ್ನು ಕೇಳಿಕೊಂಡೇ ಇಲ್ಲಿ ದುಡಿಯುತ್ತಿದ್ದಾರೆ. ನನ್ನ ಮಗ ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಬಂದು, "ಅವ್ವಾ, ಘಾಂಟಿ ಅಂದ್ರ ಏನು?" ಅಂತ ಕೇಳಿದ. ಘಟ್ಟದ ಊರಿಂದ ಬಂದವರು ಅಂತ ಹೇಳಿ, ಅಡುಗೆಮನೆಗೆ ಹೋಗಿ ಅತ್ತೆ. ಆದರೆ ಆ ಶಬ್ದ ಅಂದವರು ಯಾರೋ, ಕಾಗದ ಬರೆದದ್ದು ಯಾರ ಮೇಲೆ? ಮರುದಿನ, ಮಗನಿಗೆ ಹಾಗೆ ಅಂದ ಹುಡುಗನ ಮನೆಗೇ ಹೋಗಿ ಜಗಳ ತೆಗೆದು ಬಂದವರು ಇದೇ ವೈನಿ.

ಬಾಯಿಬಿಟ್ಟು ಹೇಳಬೇಕಾದದ್ದು ಇನ್ನೊಂದಿದೆ. ಕಾಗದ ತಂದ ಬೆಂಗಳೂರಿನ ಹುಡುಗ ತನ್ನ ವಾಲಿನಲ್ಲಿ, ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲೇಬೇಕು ಅಂತ ಬರೆಯುತ್ತಾನೆ. ಸರಿಯಾಗೇ ಬರೆಯುತ್ತಾನೆ, ನಾನೂ ಲೈಕ್ ಒತ್ತಿದ್ದೇನೆ. ಅದೇ ನ್ಯಾಯ ಇಲ್ಲಿಗೆ ಬಂದಾಗ ಎಲ್ಲಿ ಹೋಯಿತು? ಮೂರು ತಿಂಗಳಾಯಿತು, ಪೊದೇರ್‌ಗೆ "ದೇವ್ ಬರೆಂ ಕರುಂ" (ದೇವರು ಒಳ್ಳೇದು ಮಾಡಲಿ, ಅಂದ್ರೆ ಥ್ಯಾಂಕ್ಸ್) ಅನ್ನಲೂ ಬಾರದು. ಕೊಂಕಣಿ ಇಲ್ಲಿ ರಾಜ್ಯಭಾಷೆ ಆದದ್ದು 1987ರಲ್ಲಿ, ಬೀದಿಗಿಳಿದು ಹೋರಾಡಿದ ಮೇಲೆ. ಅದಕ್ಕೂ ಮೊದಲು, 1684ರಲ್ಲಿ, ಪೋರ್ಚುಗೀಸ್ ವೈಸ್‌ರಾಯ್ ಒಬ್ಬ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಿ ಅಂತ ಆಜ್ಞೆ ಹೊರಡಿಸಿದ್ದ. 1736ರಲ್ಲಿ ಚರ್ಚಿನ ಧರ್ಮವಿಚಾರಣೆ ಕೋರ್ಟು ಇನ್‌ಕ್ವಿಸಿಷನ್ ಹೊರಡಿಸಿದ ಕಟ್ಟಳೆಯಂತೂ ಅಡುಗೆಮನೆಗೇ ನುಗ್ಗಿತ್ತು: ಮತಾಂತರಗೊಂಡವರು ಹಿಂದೂಗಳ ಹಾಗೆ ಉಪ್ಪು ಹಾಕದೆ ಅನ್ನ ಬೇಯಿಸಬಾರದು, ಮನೆಯಲ್ಲಿ ತುಳಸಿ ಬೆಳೆಸಬಾರದು, ಮದುವೆಯಲ್ಲಿ ಅರಿಶಿನ ಹಚ್ಚಬಾರದು. ಇನ್ನೊಬ್ಬರ ಗಡಿಗೆಯಲ್ಲಿ ಏನು ಬೇಯುತ್ತೆ ಅಂತ ಇಣುಕಿ ನೋಡಿ ನಿಷೇಧ ಹಾಕುವ ಕೆಲಸವನ್ನು ಈ ಮಣ್ಣಿನ ಜನ ಒಮ್ಮೆ ಕಂಡಿದ್ದಾರೆ. ಸೊಸೈಟಿಯ ಕಾಗದ ಅಷ್ಟು ದೊಡ್ಡದಲ್ಲ ಅಂತ ನನಗೂ ಗೊತ್ತು. ಆದರೂ ಅದನ್ನು ಓದುವಾಗ ನನಗೆ ನೆನಪಾದದ್ದು ಉಪ್ಪು ಹಾಕದ ಆ ಅನ್ನವೇ.

ಆ ಕಾಲದಲ್ಲಿ ಇಲ್ಲಿಂದ ಓಡಿಹೋದವರು ಎಲ್ಲಿಗೆ ಹೋದರು? ಬಹಳಷ್ಟು ಜನ ನಮ್ಮ ಕರಾವಳಿಗೇ ಬಂದರು, ಕಾರವಾರದಿಂದ ಮಂಗಳೂರಿನವರೆಗೆ. ಹಿಂದೂಗಳೂ ಬಂದರು, ಕ್ರಿಶ್ಚಿಯನ್ನರೂ ಬಂದರು. ಮನೆಯೊಳಗೆ ಕೊಂಕಣಿ ಉಳಿಸಿಕೊಂಡರು, ಬೀದಿಯಲ್ಲಿ ಕನ್ನಡ, ತುಳು ಕಲಿತರು, ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಬರೆದರು, ಇವತ್ತಿಗೂ ಬರೆಯುತ್ತಾರೆ. ಅವರ ಮೀನಿನ ಸಾರು ಬಂದ್ ಮಾಡಿ ಅಂತ ಅಲ್ಲಿ ಯಾರಾದರೂ ಸಹಿ ಸಂಗ್ರಹಿಸಿದ್ದರೆ ಅವರು ಇಷ್ಟು ವರ್ಷ ಅಲ್ಲಿ ಬಾಳುತ್ತಿದ್ದರಾ?

ಚಹಾ ಆರಿಹೋಯಿತು. ಮೇಲಿಂದ ಕುರ್ಚಿ ಎಳೆಯುವ ಸದ್ದು ಬರುತ್ತಿದೆ, ವೈನಿ ಟೆರೇಸಿಗೆ ಬಂದರು ಅಂತ ಕಾಣುತ್ತೆ. ಕಾಗದದ ವಿಷಯ ಅವರಿಗೆ ಗೊತ್ತಾಗಿದೆಯೋ ಇಲ್ಲವೋ. ಗೊತ್ತಾದರೆ ಅವರು ತಮ್ಮ ಸಲುವಾಗಿ ಜಗಳಕ್ಕೆ ಬರುವವರಲ್ಲ, ಸದ್ದಿಲ್ಲದೆ ಎಲ್ಲ ಕೆಳಗೆ ಇಳಿಸಿಕೊಂಡು ಹೋಗಿಬಿಡುತ್ತಾರೆ. ನನಗೆ ಅದೇ ಭಯ. ಬಾಳಕದ ಮೆಣಸಿನಕಾಯಿ ಮಜ್ಜಿಗೆಯಲ್ಲಿ ನೆನೆದು ಎರಡು ದಿನವಾಯಿತು, ಇವತ್ತು ಅದನ್ನು ಒಯ್ದು ಅವರ ತಟ್ಟೆಯ ಪಕ್ಕದಲ್ಲೇ ಹರವುತ್ತೇನೆ. ಭಾನುವಾರ ಸೊಸೈಟಿ ಮೀಟಿಂಗಿದೆ. ಅಲ್ಲಿ ನಾನು ಎದ್ದು ಮಾತಾಡುತ್ತೇನೆ, ಕೊಂಕಣಿಯಲ್ಲೇ. ನನ್ನ ಕೊಂಕಣಿಗೆ ಇನ್ನೂ ಗದಗಿನ ಎಳೆತ ಇದೆ, ಇರಲಿ.

ಆ ಮಕ್ಕಳಿಬ್ಬರೂ ನನ್ನ ಫ್ರೆಂಡ್ಸ್ ಲಿಸ್ಟಿನಲ್ಲಿದ್ದಾರೆ, ಇದನ್ನು ಓದುತ್ತಾರೆ. ಅಪ್ಪಾ, ಅವ್ವಾ, ನಿಮ್ಮ ಮೇಲೆ ನನಗೆ ಹಗೆಯಿಲ್ಲ, ರೊಟ್ಟಿ ಮಾಡಿದ ದಿನ ಡಬ್ಬಿ ಎಂದಿನಂತೆ ಬರುತ್ತೆ. ಭಾನುವಾರದ ಒಳಗೆ ಒಂದು ಬೆಳಿಗ್ಗೆ ಮೇಲೆ ಬನ್ನಿ. ಹತ್ತು ಗಂಟೆಯವರೆಗೆ ವೈನಿ ಒಬ್ಬರೇ ಕೋಲು ಹಿಡಿದು ಕೂತಿರುತ್ತಾರೆ. ಅದು ಏನು, ಹೇಗೆ ಮಾಡ್ತೀರಿ, ಯಾಕೆ ಒಣಗಿಸ್ತೀರಿ ಅಂತ ಅವರನ್ನೇ ಕೇಳಿ.