ಬಿರುಕಿಗೆ ಬಣ್ಣ ಬಳಿಯುವ ನಮ್ಮ ಚಾಳಿ

ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ನಾವಿರುವ ಅಪಾರ್ಟ್‌ಮೆಂಟಿನ ನೆಲಮಾಳಿಗೆ ಪಾರ್ಕಿಂಗ್‌ನಲ್ಲಿ ಕಳೆದ ಬೇಸಿಗೆ ರಿಪೇರಿ ನಡೆಯಿತು. ಮೇಲಿನ ಸ್ಲ್ಯಾಬಿನಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವಂತೆ. ದಿನಾ ಕಾರು ನಿಲ್ಲಿಸುವ ನನಗೆ ಅವು ಕಂಡಿರಲಿಲ್ಲ. ಬಿರುಕು ಎಲ್ಲಿದೆ, ಎಷ್ಟು ಅಗಲವಿದೆ, ಯಾಕೆ ಬಂತು, ಏನು ಮಾಡುತ್ತೇವೆ ಎಂದು ಮನೆಮನೆಗೂ ಪತ್ರ ಬಂತು. ಅದೇ ವಾರ ಧಾರವಾಡಕ್ಕೆ ಫೋನ್ ಮಾಡಿದಾಗ, ನಮ್ಮ ಪಡಸಾಲೆ ಗೋಡೆಯ ಬಿರುಕು ಏನಾಯಿತು ಅಂತ ಅಣ್ಣನನ್ನು ಕೇಳಿದೆ. "ಏನಾಗೂದೈತಿ ತಗೋ? ಪುಟ್ಟಿ ತುಂಬಿ ಬಣ್ಣಾ ಹೊಡಸೀನಿ. ಮತ್ತ ಕಾಣಾಕತ್ತಿತ್ತು, ಮ್ಯಾಲೆ ಕ್ಯಾಲೆಂಡರ್ ಹಾಕೀವಿ" ಅಂದ. ಆ ಮಾತು ಚುಚ್ಚಿತು. ಇನ್ನೂ ಚುಚ್ಚುತ್ತಿದೆ.

ಪಾರ್ಕಿಂಗ್‌ನಲ್ಲಿ ನಡೆದ ಕೆಲಸವನ್ನು ನಾನು ನಿಂತು ನೋಡಿದೆ. ಮೊದಲ ದಿನ ಒಬ್ಬ ಹೆಣ್ಣುಮಗಳು ಏಣಿ ಹತ್ತಿ, ಪಾರದರ್ಶಕ ಕಾರ್ಡೊಂದನ್ನು ಪ್ರತಿ ಬಿರುಕಿನ ಮೇಲೂ ಇಟ್ಟು, ಅದರಲ್ಲಿ ಅಚ್ಚಾದ ಗೆರೆಗಳ ದಪ್ಪಕ್ಕೆ ಬಿರುಕಿನ ಅಗಲವನ್ನು ಹೋಲಿಸುತ್ತ, ಪಕ್ಕದಲ್ಲೇ ಪೆನ್ಸಿಲಿನಿಂದ ಅಳತೆ ಮತ್ತು ತಾರೀಖು ಬರೆಯುತ್ತ ಹೋದಳು. ಆಮೇಲೆ ಉಕ್ಕಿನ ಪಟ್ಟಿಗಳು ಬಂದವು. ಅದು ಸಾಮಾನ್ಯ ಉಕ್ಕಲ್ಲ, ತನ್ನ ಹಳೆಯ ಅಳತೆಯನ್ನು ನೆನಪಿಟ್ಟುಕೊಳ್ಳುವ ಉಕ್ಕು. ಕಬ್ಬಿಣಕ್ಕೆ ಮ್ಯಾಂಗನೀಸ್, ಸಿಲಿಕಾನ್, ಕ್ರೋಮಿಯಂ, ನಿಕಲ್ ಬೆರೆಸಿದ ಈ ಮಿಶ್ರಲೋಹವನ್ನು ಇಲ್ಲೇ ಹತ್ತಿರದ ಡ್ಯೂಬೆನ್‌ಡಾರ್ಫ್‌ನ ಎಂಪಾ ಸಂಶೋಧನಾಲಯದಲ್ಲಿ ಅಭಿವೃದ್ಧಿಪಡಿಸಿದರು. ಕಾರ್ಖಾನೆಯಲ್ಲಿ ಮೊದಲೇ ಎಳೆದು ಉದ್ದ ಮಾಡಿರುತ್ತಾರೆ. ಎರಡೂ ತುದಿಗಳನ್ನು ಕಾಂಕ್ರೀಟಿಗೆ ಭದ್ರವಾಗಿ ಬಿಗಿದು ಕಾಯಿಸಿದರೆ ಅದು ಮೊದಲಿನಷ್ಟೇ ಗಿಡ್ಡವಾಗಲು ನೋಡುತ್ತದೆ. ತುದಿಗಳು ಬಿಡುವುದಿಲ್ಲವಾದ್ದರಿಂದ ಆ ಎಳೆತವೆಲ್ಲ ಕಾಂಕ್ರೀಟಿನ ಮೇಲೆ ಬಿದ್ದು, ಬಾಯಿ ಬಿಟ್ಟ ಬಿರುಕು ಮುಚ್ಚಿಕೊಳ್ಳತೊಡಗುತ್ತದೆ. ಎಳೆದು ಬಿಗಿಯಲು ದೊಡ್ಡ ಜಾಕ್ ಬೇಡ, ಗೋಡೆ ಒಡೆಯುವುದು ಬೇಡ.

ಈ ದೇಶಕ್ಕೆ ಇದು ಹೊಸ ಹುಚ್ಚೇನಲ್ಲ. 1991ರಲ್ಲಿ ಲುಟ್ಸರ್ನ್ ಬಳಿಯ ಇಬಾಖ್ ಸೇತುವೆಯಲ್ಲಿ ಸಿಗ್ನಲ್ ಕಂಬ ಕೂರಿಸಲು ಕೊರೆಯುವಾಗ ಕಾಂಕ್ರೀಟನ್ನು ಒಳಗಿನಿಂದ ಬಿಗಿಹಿಡಿಯುವ ಉಕ್ಕಿನ ತಂತಿಗೇ ಪೆಟ್ಟು ಬಿತ್ತು. 175 ಕಿಲೋ ಉಕ್ಕು ಹಿಡಿಯಬೇಕಿದ್ದ ಆ ದುರಸ್ತಿಯನ್ನು 6.2 ಕಿಲೋ ಕಾರ್ಬನ್ ನಾರಿನ ಪಟ್ಟಿ ಅಂಟಿಸಿ ಮುಗಿಸಿದರು. ನಮ್ಮೂರ ರೈಲು ಹಳಿಗಳ ಮೇಲೆ ಹಾದುಹೋಗುವ ಸ್ಟೋರ್ಕನ್ ಸೇತುವೆ 1996ರದ್ದು. ಅದರ ಎಲ್ಲ ಕೇಬಲ್ಲುಗಳಲ್ಲಿ ಎರಡು ಮಾತ್ರ ಕಾರ್ಬನ್ನಿನವು, ಅವುಗಳೊಳಗೆ ಗಾಜಿನ ಎಳೆಯ ಸಂವೇದಕಗಳಿವೆ. ಎಳೆಯೊಳಗೆ ಬೆಳಕು ಬಿಡುತ್ತಾರೆ. ಕೇಬಲ್ ಚೂರು ಹಿಗ್ಗಿದರೂ ಮರಳಿ ಬರುವ ಬೆಳಕಿನ ತರಂಗದ ಅಳತೆ ಬದಲಾಗುತ್ತದೆ. ನಾನು ಹಾಲು ತರಲು ಆ ಸೇತುವೆ ದಾಟುವಾಗಲೆಲ್ಲ ಇದು ನೆನಪಾಗುತ್ತದೆ. ಹೊಸ ವಸ್ತುವನ್ನು ನಂಬಿ ಬಳಸಿದವರು, ಅದನ್ನು ವಿಚಾರಿಸುತ್ತಲೂ ಇರಬೇಕು ಅಂದುಕೊಂಡರಲ್ಲ, ಆ ಬುದ್ಧಿ ನನಗೆ ಆ ಕೇಬಲ್ಲಿಗಿಂತ ದೊಡ್ಡದಾಗಿ ಕಾಣುತ್ತದೆ.

ನಮ್ಮಲ್ಲಿ ಬಿರುಕನ್ನು ಯಾರೂ ವಿಚಾರಿಸುವುದಿಲ್ಲ, ಮುಚ್ಚುತ್ತಾರೆ. ಮದುವೆಗೆ ಮುಂಚೆ, ದೀಪಾವಳಿಗೆ ಮುಂಚೆ, ಬಾಡಿಗೆಯವರು ನೋಡಲು ಬರುವ ಮುಂಚೆ ಮುಚ್ಚುತ್ತಾರೆ. ಮೇಸ್ತ್ರಿಯನ್ನು ಕರೆದರೆ ಅವನು ಕೇಳುವ ಮೊದಲ ಪ್ರಶ್ನೆ ಯಾವ ಬಣ್ಣ ಎಂಬುದು. ಧಾರವಾಡದ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಅದರ ಮೇಲಿನ ಮನೆಯೂ ಅದರ ಜೊತೆ ಏಳುತ್ತ ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿಲ್ಲ? ಎಲ್ಲರ ಮನೆಯಲ್ಲೂ ಇದೆ ಎಂಬುದೇ ಯಾರೂ ನೋಡದಿರಲು ಕಾರಣವಾಯಿತು.

2019ರ ಮಾರ್ಚ್ 19ರಂದು ಅದೇ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಎರೆಮಣ್ಣಿನ ಬಿರುಕಿಗೂ ಅದಕ್ಕೂ ಸಂಬಂಧ ಕಲ್ಪಿಸುತ್ತಿಲ್ಲ. ಆದರೆ ಅದಾದ ಮೇಲಾದರೂ ಊರಿನ ಜನ ತಮ್ಮ ಗೋಡೆಗಳನ್ನು ಹಿಂದಿರುಗಿ ನೋಡುತ್ತಾರೆ ಅಂತ ನಾನು ಕಾದೆ. 2024ರ ಆಗಸ್ಟಿನಲ್ಲಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ನಡುರಾತ್ರಿ ಬಿತ್ತು, ಲಾರಿಯೊಂದು ನೀರಿಗೆ ಹೋಯಿತು, ಚಾಲಕ ಹೇಗೋ ಉಳಿದ. ಮರುದಿನ ಟೀವಿಯಲ್ಲಿ ಎಲ್ಲರೂ ಯಾರು ಹೊಣೆ ಎಂದು ಕಿರುಚುತ್ತಿದ್ದರು. ಹಿಂದಿನ ವರ್ಷ ಅದನ್ನು ಯಾರು, ಹೇಗೆ ಅಳೆದರು ಎಂದು ನಾನು ನೋಡಿದ ಚಾನೆಲ್ಲುಗಳಲ್ಲಿ ಒಬ್ಬರೂ ಕೇಳಲಿಲ್ಲ.

ಅಣ್ಣನಿಗೆ ಇಷ್ಟೆಲ್ಲ ಹೇಳಿದೆ. ಗಾಜಿನ ಎಳೆ, ನೆನಪಿನ ಉಕ್ಕು ಬೇಡ, ಬಿರುಕಿನ ಎರಡೂ ದಂಡೆ ಸೇರಿಸಿ ಒಂದು ಗಾಜಿನ ತುಂಡು ಅಂಟಿಸು, ತಾರೀಖು ಬರಿ, ಒಡೆದರೆ ಗೋಡೆ ಸರಿಯುತ್ತಿದೆ ಅಂತ ತಿಳಿ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಡೀತು ಅಂತ ತಿಳೀತು. ಮುಂದ? ಇಂಜಿನಿಯರ್ ಕಡೆ ಹೋದ್ರ ಪಾಯಾನ ತಗಿಬೇಕು ಅಂತಾನ. ಆ ರೊಕ್ಕಾ ಯಾರ ಕೊಡ್ತಾರೋ ತಮ್ಮಾ?" ಅಂದ. ನನ್ನಲ್ಲಿ ಉತ್ತರ ಇರಲಿಲ್ಲ. ಇಲ್ಲಿ ಕಟ್ಟಡದ ದೋಷದಿಂದ ಯಾರಿಗಾದರೂ ಹಾನಿಯಾದರೆ ಮಾಲೀಕನೇ ಹೊಣೆ ಎಂದು ಕಾನೂನು ಹೇಳುತ್ತದೆ. ರಿಪೇರಿಗೆ ಮಾಲೀಕರ ಹತ್ತಿರ ಹಣವೂ ಇರುತ್ತದೆ. ನಿವೃತ್ತಿಯ ದುಡ್ಡಲ್ಲಿ ಮನೆ ನಡೆಸುವವನು ತಿಳಿದುಕೊಳ್ಳುವುದಕ್ಕೇ ಹೆದರಿದರೆ ಅವನನ್ನು ಹೇಗೆ ಬೈಯಲಿ?

ಈ ಸ್ವಿಸ್ ಜನರೂ ಹುಟ್ಟಾ ಜಾಣರಲ್ಲ, ಅದನ್ನೂ ಒಪ್ಪಬೇಕು. ನಮ್ಮಿಂದ ದೂರವಲ್ಲದ ಊಸ್ಟರ್‌ನಲ್ಲಿ 1985ರ ಮೇ 9ರಂದು ಈಜುಕೊಳದ ಕಾಂಕ್ರೀಟ್ ಒಳಚಾವಣಿ ಕಳಚಿಬಿದ್ದು 12 ಜನ ಸತ್ತರು. ಅದನ್ನು ತೂಗುಹಾಕಿದ್ದ ಸ್ಟೇನ್‌ಲೆಸ್ ಸ್ಟೀಲ್ ಸರಳುಗಳು ಕ್ಲೋರಿನ್ ತುಂಬಿದ ಗಾಳಿಯಲ್ಲಿ ಒಳಗೊಳಗೇ ಬಿರಿದಿದ್ದವು.

ಇನ್ನು ಹೀಗೆ ಅಳೆದು ವಿಚಾರಿಸುವುದು ನಮ್ಮ ದೇಶಕ್ಕೆ ಬರುವುದಿಲ್ಲ ಅನ್ನುವಂತೆಯೂ ಇಲ್ಲ. 1914ರ ಪಾಂಬನ್ ರೈಲ್ವೆ ಸೇತುವೆಗೆ ಮದ್ರಾಸ್ ಐಐಟಿಯವರು ಸಂವೇದಕ ಕೂರಿಸಿದ್ದರು. 2022ರ ಡಿಸೆಂಬರಿನಲ್ಲಿ ಅವು ಎಚ್ಚರಿಕೆ ಕೊಟ್ಟವು, ರೈಲ್ವೆಯವರು ಪ್ರಯಾಣಿಕರ ರೈಲು ನಿಲ್ಲಿಸಿದರು. ರಾಮೇಶ್ವರಕ್ಕೆ ಹೋಗುವ ಯಾತ್ರಿಕರಿಗೆ ತೊಂದರೆಯಾಯಿತು, ಆದರೂ ನಿಲ್ಲಿಸಿದರು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಚಂದ್ರನ ಮೇಲೆ ಮನೆ ಕಟ್ಟಲು ಬ್ಯಾಕ್ಟೀರಿಯಾದಿಂದ ಇಟ್ಟಿಗೆ ಮಾಡುವ ಪ್ರಯೋಗ ನಡೆದಿದೆ. ಅಷ್ಟು ತಲೆ ಇರುವ ನಾಡಿನಲ್ಲಿ ಎರೆಮಣ್ಣಿನ ಮೇಲಿನ ಸರ್ಕಾರಿ ಶಾಲೆಯ ಗೋಡೆಗೆ ಒಂದು ಗಾಜಿನ ತುಂಡು ಅಂಟಿಸಿ, ತಿಂಗಳಿಗೊಮ್ಮೆ ನೋಡಿ, ಹಾಜರಿ ಪುಸ್ತಕದ ಪಕ್ಕದಲ್ಲೇ ಇನ್ನೊಂದು ಪುಸ್ತಕವಿಟ್ಟು ಬರೆದಿಡುವುದಕ್ಕೆ ಯಾವ ಟೆಂಡರೂ ಬೇಕಿಲ್ಲ. ಒಡೆದ ಗಾಜಿನ ಸುದ್ದಿ ಬಂದಾಗ ರಿಪೇರಿಗೆ ಹಣ ಕೊಡುವ ಒಂದು ಲೆಕ್ಕಶೀರ್ಷಿಕೆಯನ್ನು ಜಿಲ್ಲಾ ಪಂಚಾಯತಿ ತೆರೆಯಲಿ. ಅಣ್ಣನ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಶುರುವಾಗಬೇಕು.